ಹೊನ್ನವಳ್ಳಿಯ ಮುಚ್ಚದ ಸಂಪರ್ಕಗಳು

ನನ್ನ ಹೆಂಡತಿ ಗೌರಿ ಹೋದ ಮೇಲೆ ಮನೆಗೆ ಬಂದವರೆಲ್ಲ ಸ್ವಲ್ಪ ಹೊತ್ತು ಕೂತು, ಮಾತಾಡದೆ ಎದ್ದು ಹೋಗುತ್ತಿದ್ದರು. ಸಾವಾದ ಮನೆಯಿಂದ ಹೊರಡುವಾಗ ‘ಬತ್ತೀನಿ’ ಅನ್ನಬಾರದು. ಅದು ನಮ್ಮ ಕಡೆಯ ಪದ್ಧತಿ, ನನಗೂ ಗೊತ್ತು. ಆದರೂ ಆ ದಿನಗಳಲ್ಲಿ ಯಾರು ಒಳಗಿದ್ದಾರೆ, ಯಾರು ಹೋದರು ಅನ್ನುವುದೇ ನನಗೆ ತಿಳಿಯುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಹಜಾರಕ್ಕೆ ಬಂದರೆ ಕುರ್ಚಿ ಖಾಲಿ. ‘ಅಪ್ಪ, ಅವ್ರು ಆಗ್ಲೇ ಹೋದ್ರಲ್ಲ’ ಎಂದು ಮಗಳು ಲೋಟ ಇಸಿದುಕೊಳ್ಳುತ್ತಿದ್ದಳು. ಹೇಳದೆ ಹೋದವರು ಇನ್ನೂ ಇದ್ದಾರೆ ಎಂದು ನಂಬಿಕೊಂಡು ಕೂತಿರುವುದನ್ನು ನಾನು ನನ್ನ ಕೆಲಸದಲ್ಲಿ ಒಂದು ಯಂತ್ರದಲ್ಲಿ ನೋಡಿದ್ದೆ. ನನಗೇ ಹಾಗಾಗುತ್ತದೆ ಎಂದುಕೊಂಡಿರಲಿಲ್ಲ.

ನಮ್ಮ ಸಂಘದ ಕಂಪ್ಯೂಟರ್ ವಿಭಾಗಕ್ಕೆ ಹೊಸಬರು ಸೇರಿದ್ದಾರೆ. ಹಳಬರ ಅನುಭವ ಅವರಿಗೆ ಬೇಕಂತೆ. ಬರೆದುಕೊಡಿ ಎಂದು ಹಿಂದಿನ ವರ್ಷವೇ ಕೇಳಿದ್ದರು. ಆಗ ಗೌರಿ ಆಸ್ಪತ್ರೆಯಲ್ಲಿದ್ದಳು, ಆಗಲಿಲ್ಲ. ಈಗ ಕೂತಿದ್ದೇನೆ. ನಾನು ಓದಿದ್ದು ಪಿಯುಸಿ, ಮೇಲೆ ಟೈಪಿಂಗ್. ಕಂಪ್ಯೂಟರ್ ಶಾಸ್ತ್ರ ನನಗೆ ಬರುವುದಿಲ್ಲ. ಅದರ ಮುಂದೆ ಕೂತು ಗಾಬರಿಯಾದದ್ದು, ತಪ್ಪು ತಿಳಿದದ್ದು, ಇನ್ನೂ ತಿಳಿಯದೆ ಉಳಿದದ್ದು ಇದೆ. ಅಷ್ಟನ್ನು ಬರೆಯುತ್ತೇನೆ.

ನಮ್ಮದು ತಿಪಟೂರಿನಲ್ಲಿ ಮುಖ್ಯ ಕಚೇರಿ ಇದ್ದ ತೆಂಗು ಬೆಳೆಗಾರರ ಸಂಘ. ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ, ಈ ಮೂರು ಕಡೆ ಕೊಬ್ಬರಿ ಕೊಳ್ಳುವ ಶಾಖೆಗಳಿದ್ದವು. ತೊಂಬತ್ತರ ದಶಕವೆಲ್ಲ ನಾನು ತೂಕದ ಮನೆಯಲ್ಲೇ ಇದ್ದೆ. ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ತೂಕ ಬಂದಾಗ ರೈತರು ಅದನ್ನು ನಂಬದೆ ಪಕ್ಕದಲ್ಲಿ ತಕ್ಕಡಿಯನ್ನೂ ಇಡಿಸಿದರು. ಎರಡರಲ್ಲೂ ತೂಗಿ, ಎರಡರಲ್ಲಿ ಯಾವುದು ಹೆಚ್ಚು ತೋರಿಸುತ್ತದೋ ಅದೇ ಸರಿ ಅನ್ನುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಟೈಪಿಂಗ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಅದರ ಮುಂದೆ ಕೂರಿಸಿದರು.

ಮೊದಲ ವರ್ಷ ನಮ್ಮನ್ನು ಸೋಲಿಸಿದ್ದು ಇಲಿ. ತೂಕದ ಮನೆಗೂ ಕಂಪ್ಯೂಟರಿಗೂ ಇದ್ದ ಸಂಪರ್ಕ ಆಗಾಗ ಸತ್ತುಹೋಗುತ್ತಿತ್ತು. ಕಂಪ್ಯೂಟರ್ ಮಾರಿದವರು ತಂತಿ ಬದಲಿಸಿಕೊಟ್ಟರು, ವಾರದೊಳಗೆ ಮತ್ತೆ ಹೋಯಿತು. ಕೊನೆಗೆ ತಿಳಿದದ್ದು, ಗೋಡೆ ಉದ್ದಕ್ಕೂ ತಂತಿ ಎಳೆದವರು ನಮ್ಮ ಗೋದಾಮಿನ ಹಮಾಲರೇ. ಬೆಳಗಿನಿಂದ ಕೊಬ್ಬರಿ ಮುಟ್ಟಿದ ಕೈಯಲ್ಲೇ ಎಳೆದಿದ್ದರು. ತಂತಿಗೆಲ್ಲ ಎಣ್ಣೆ ಜಿಡ್ಡು. ಇಲಿಗಳು ಅದನ್ನು ಮುಗಿಸಿಬಿಡುತ್ತಿದ್ದವು. ಆಮೇಲೆ ಸೀಗೆಪುಡಿಯಲ್ಲಿ ಕೈ ತೊಳೆದುಕೊಂಡೇ ತಂತಿ ಮುಟ್ಟಬೇಕು ಎಂದು ಆಯಿತು. ಹೊಸಬರಿಗೆ ಇದು ತಮಾಷೆ ಅನ್ನಿಸಬಹುದು. ನಾನು ನಿವೃತ್ತನಾಗುವವರೆಗೂ ತೊಳೆದುಕೊಂಡೇ ಮುಟ್ಟುತ್ತಿದ್ದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ ಸರ್ವರ್ ಬಂತು. ಸರ್ವರ್ ಎಂದರೆ ಮುಖ್ಯ ಕಚೇರಿಯಲ್ಲಿ ಕೂತು ಮೂರೂ ಶಾಖೆಗಳ ಲೆಕ್ಕ ಒಂದೇ ಕಡೆ ಇಟ್ಟುಕೊಳ್ಳುವ ಕಂಪ್ಯೂಟರ್. ಶಾಖೆಯವರು ಟೆಲಿಫೋನ್ ಲೈನಿನಲ್ಲಿ ಮೋಡೆಮ್ ಹಾಕಿ ಅದನ್ನು ಮುಟ್ಟಬೇಕು. ರೈತನ ಹೆಸರು, ತೂಕ ಬರೆದರೆ ಆ ಹೊತ್ತಿನ ದರ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಪ್ರೋಗ್ರಾಂ ಬರೆದುಕೊಟ್ಟವರು ತುಮಕೂರಿನ ಮಧುಸೂದನ್ ಎಂಬವರು. ಮಾತು ಬಹಳ ವೇಗ. ಹೊರಡುವ ಮುಂಚೆ ನನಗೆ ಒಂದು ಆಜ್ಞೆ ಕಲಿಸಿದರು, ನೆಟ್‌ಸ್ಟ್ಯಾಟ್. ಅದನ್ನು ಟೈಪ್ ಮಾಡಿದರೆ ಪರದೆಯ ಮೇಲೆ ಸಾಲು ಸಾಲಾಗಿ ಬರುತ್ತದೆ. ಎಡಕ್ಕೆ ನಮ್ಮ ವಿಳಾಸ, ನಡುವೆ ಆ ಕಡೆಯವರ ವಿಳಾಸ, ಬಲಕ್ಕೆ ಆ ಸಂಪರ್ಕ ಈಗ ಯಾವ ಸ್ಥಿತಿಯಲ್ಲಿದೆ ಎಂಬ ಒಂದು ಪದ.

‘ಲಿಸನಿಂಗ್ ಅಂದ್ರೆ ಬಾಗಿಲು ತೆಗೆದು ಕೂತಿದೆ, ಇನ್ನೂ ಯಾರೂ ಬಂದಿಲ್ಲ. ಎಸ್ಟಾಬ್ಲಿಷ್ಡ್ ಅಂದ್ರೆ ಬಂದವ್ರ ಜೊತೆ ಮಾತು ನಡೀತಿದೆ. ಉಳಿದಿದ್ದು ನಿಮಗೆ ಬೇಕಾಗಲ್ಲ ಶಂಕರಪ್ಪನೋರೆ’ ಅಂದರು.

ಬೇಕಾದದ್ದೆಲ್ಲ ಆ ಉಳಿದದ್ದೇ ಆಯಿತು.

ಮೊದಲು ಹೆದರಿಸಿದ್ದು ಟೈಮ್ ವೇಟ್ ಎಂಬ ಪದ. ಕೊಬ್ಬರಿ ಹೆಚ್ಚಾಗಿ ಬರುವ ದಿನ ಪರದೆ ತುಂಬ ಅದೇ. ನಮ್ಮ ಕಾರ್ಯದರ್ಶಿ ನಂಜುಂಡಪ್ಪನವರು ಬೆನ್ನ ಹಿಂದೆ ಬಂದು ನಿಂತರು. ಒಳ್ಳೆಯ ಮನುಷ್ಯ, ಆದರೆ ಕಾಯುವುದು ಅವರಿಗೆ ಆಗದು.

‘ಇಷ್ಟೊಂದ್ ಜನ ವೇಟ್ ಮಾಡ್ತಾ ಅವ್ರೆ ಅಂತಲ್ಲ ಇದು?’

‘ಹಂಗೇ ಕಾಣ್ತದೆ ಸಾರ್.’

‘ಮತ್ತೆ ಕೂತ್ಕಂಡು ನೋಡ್ತೀಯಲ್ಲಯ್ಯ. ಆರ್ಸಿ ಹಚ್ಚು.’

ಆರಿಸಿ ಹಚ್ಚಿದೆ. ತುರುವೇಕೆರೆಯಲ್ಲಿ ಅರ್ಧಕ್ಕೆ ಬಂದಿದ್ದ ತೂಕಗಳೆಲ್ಲ ಹೋದವು. ಅಲ್ಲಿಯವರು ಫೋನ್ ಮಾಡಿ, ‘ಏನ್ ಸಾರ್, ಅಲ್ಲಿ ಕೂತ್ಕಂಡು ನಮ್ ಕಾಲೆಳೀತೀರಲ್ಲ’ ಎಂದು ಕೂಗಾಡಿದರು. ಮಧುಸೂದನ್ ನಕ್ಕರು. ಟೈಮ್ ವೇಟ್ ಎಂದರೆ ಎರಡೂ ಕಡೆ ಮಾತು ಮುಗಿದಿದೆ, ದಾರಿಯಲ್ಲಿ ತಡವಾದ ಮಾತಿನ ತುಂಡು ಏನಾದರೂ ಬಂದರೆ ಗೊಂದಲವಾಗದಿರಲಿ ಎಂದು ಯಂತ್ರ ಸ್ವಲ್ಪ ಹೊತ್ತು ಆ ಸಾಲನ್ನು ಹಾಗೇ ಇಟ್ಟುಕೊಂಡಿರುತ್ತದೆ, ತಾನಾಗಿ ಹೋಗುತ್ತದೆ. ಮುಗಿದ ಮೇಲೂ ಒಂದಷ್ಟು ಹೊತ್ತು ಇಟ್ಟುಕೊಂಡಿರಬೇಕು ಎಂಬುದು ನನಗೆ ಆಗ ವಿಚಿತ್ರ ಅನ್ನಿಸಿತ್ತು.

ಇನ್ನೊಂದು ದಿನ ಬೇರೆ ಥರದ್ದು. ಚಿಕ್ಕನಾಯಕನಹಳ್ಳಿಯಲ್ಲಿ ಗಾಳಿಗೆ ತೆಂಗಿನ ಮರ ಬಿದ್ದು ಟೆಲಿಫೋನ್ ಕಂಬವೇ ಮುರಿದಿತ್ತು. ಆದರೆ ನಮ್ಮ ಪರದೆಯಲ್ಲಿ ಚಿಕ್ಕನಾಯಕನಹಳ್ಳಿ ಎಸ್ಟಾಬ್ಲಿಷ್ಡ್. ಕಂಬ ನೆಲದ ಮೇಲೆ, ಇಲ್ಲಿ ಮಾತು ನಡೆಯುತ್ತಿದೆ ಎಂದು ತೋರಿಸುತ್ತಿದೆ. ‘ಹೋಗ್ತೀನಿ ಅಂತ ಹೇಳಿಲ್ವಲ್ಲ, ಹೇಳೋವರ್ಗೂ ಅದು ನಂಬ್ಕೊಂಡೇ ಇರತ್ತೆ’ ಅಂದರು ಮಧುಸೂದನ್. ಮುಗಿದದ್ದನ್ನು ಕಾಯುತ್ತಿದೆ ಅನ್ನುತ್ತದೆ, ಹೋದದ್ದನ್ನು ಇದೆ ಅನ್ನುತ್ತದೆ. ಈ ಯಂತ್ರವನ್ನು ಹೇಗೆ ಓದುವುದು ಎಂದು ನನಗೆ ತಿಳಿಯದೆ ಹೋಯಿತು.

ಹೀಗಿರುವಾಗ ಹೊನ್ನವಳ್ಳಿಯದು ಶುರುವಾಯಿತು.

ಹೊನ್ನವಳ್ಳಿ ಶಾಖೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಪುಷ್ಪ. ತಾತ್ಕಾಲಿಕ ಕೆಲಸ. ಗಂಡ ಕಾಯಿ ಕೀಳುವವನು, ಮರದಿಂದ ಬಿದ್ದು ಸೊಂಟ ಹಿಡಿದು ಮನೆಯಲ್ಲಿದ್ದ. ಅವಳ ಕೆಲಸದಿಂದಲೇ ಮನೆ ನಡೆಯಬೇಕು. ಆಡಳಿತ ಮಂಡಳಿ ಆ ವರ್ಷ ತಾತ್ಕಾಲಿಕದವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದಿತ್ತು.

ಮಧ್ಯಾಹ್ನ ಆಗುವಷ್ಟರಲ್ಲಿ ಸರ್ವರ್ ಯಾರನ್ನೂ ಒಳಗೆ ಬಿಡದೆ ನಿಂತುಬಿಡುತ್ತಿತ್ತು. ಮೂರು ಶಾಖೆಯಲ್ಲೂ ಕೊಬ್ಬರಿ ಚೀಲ ಹಿಡಿದು ರೈತರು ನಿಂತಿರುತ್ತಿದ್ದರು. ನೆಟ್‌ಸ್ಟ್ಯಾಟ್ ಹಾಕಿದರೆ ಪರದೆಯ ಬಹುಪಾಲು ಹೊನ್ನವಳ್ಳಿಯ ವಿಳಾಸ. ಪ್ರತಿಯೊಂದರ ಮುಂದೂ ಕ್ಲೋಸ್ ವೇಟ್. ಟೈಮ್ ವೇಟಿನ ಹಾಗೆ ತಾನಾಗಿ ಹೋಗುವುದಿಲ್ಲ, ಕೂಡುತ್ತಲೇ ಹೋಗಿ ಬೇರೆಯವರಿಗೆ ಜಾಗವೇ ಉಳಿಯುವುದಿಲ್ಲ. ನಂಜುಂಡಪ್ಪನವರು ಬೆರಳಿಟ್ಟು ಓದಿದರು.

‘ಹೊನ್ನವಳ್ಳಿ. ಕ್ಲೋಸ್. ವೇಟ್. ಆಯಮ್ಮ ಕ್ಲೋಸ್ ಮಾಡ್ದೆ ಹಂಗೇ ಬುಟ್ಟು ಎದ್ದೋಗ್ತಾಳೆ ಅಂತ ತಾನೆ?’

ಅವಳ ಹೆಸರಿನ ಮುಂದೆ ಇದೆ, ಮುಚ್ಚಲು ಕಾಯುತ್ತಿದೆ ಎಂದಿದೆ. ಬೇರೆ ಏನು ಅರ್ಥ ಇದ್ದೀತು. ಪುಷ್ಪಳಿಗೆ ಫೋನ್ ಮಾಡಿದೆ.

‘ಪ್ರತಿ ಸತಿ ಮುಚ್ತೀನಿ ಸಾರ್. ದೇವ್ರಾಣೆ.’

‘ಇಲ್ಲಿ ಹಂಗೆ ಕಾಣ್ತಿಲ್ಲ ಕಣಮ್ಮ.’

‘ಅಲ್ಲಿ ಕಾಣದೆ ಇದ್ರೆ ನಾನೇನ್ ಮಾಡ್ಲಿ ಸಾರ್. ಇಲ್ಲಿ ಮುಚ್ಚಿದ್ದು ನನ್ ಕಣ್ಣಿಗೆ ಕಾಣ್ತದಲ್ಲ.’

ಒಂದು ಉಪಾಯ ಮಾಡಿದೆ. ಕಂಪ್ಯೂಟರ್ ಆರಿಸಿ, ಮೋಡೆಮ್ಮಿನ ತಂತಿಯನ್ನೇ ಕಿತ್ತುಬಿಡು ಎಂದೆ. ಕಿತ್ತಳು. ಹೊನ್ನವಳ್ಳಿಯ ಸಾಲುಗಳು ಅಲ್ಲಾಡಲಿಲ್ಲ. ಇದರಿಂದ ನನಗೆ ತಲೆ ಇನ್ನೂ ಕೆಟ್ಟಿತು. ಅಲ್ಲಿ ಯಾರೂ ಇಲ್ಲದಿರುವಾಗ ಯಾರು ಕಾಯುತ್ತಿದ್ದಾರೆ? ಅಥವಾ ಇದೂ ಚಿಕ್ಕನಾಯಕನಹಳ್ಳಿಯ ಕಂಬದ ಹಾಗೆ, ಸರ್ವರಿಗೆ ಸುದ್ದಿ ಮುಟ್ಟಿಲ್ಲವೋ? ಮುಟ್ಟದಿದ್ದರೆ ಎಸ್ಟಾಬ್ಲಿಷ್ಡ್ ಅನ್ನಬೇಕಿತ್ತಲ್ಲ. ಮಧುಸೂದನ್ ಅವರ ಫೋನ್ ಆ ವಾರ ಸಿಗಲಿಲ್ಲ.

ನಂಜುಂಡಪ್ಪನವರು ಕಾಯಲಿಲ್ಲ. ಪುಷ್ಪಳನ್ನು ತಿಪಟೂರಿಗೆ ಕರೆಸಿ, ಮಂಡಳಿ ಸಭೆ ಆಗುವವರೆಗೆ ಬರುವುದು ಬೇಡ ಎಂದರು. ಸಭೆಯಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಅವಳು ಸಂಜೆ ನೇರವಾಗಿ ನಮ್ಮ ಮನೆಗೆ ಬಂದಳು. ಗೌರಿ ಅವಳನ್ನು ಅದೇ ಮೊದಲು ನೋಡಿದ್ದು, ಆದರೂ ಅಡುಗೆಮನೆಯಲ್ಲೇ ಮಣೆ ಹಾಕಿ ಕೂರಿಸಿಕೊಂಡಳು. ಹಜಾರದಲ್ಲಿದ್ದ ನನಗೆ ಮಾತು ಕೇಳುತ್ತಿತ್ತು.

‘ಅಕ್ಕ, ನಾನು ಸುಳ್ಳು ಹೇಳ್ತಿಲ್ಲ.’

‘ನೀನು ಸುಳ್ಳು ಹೇಳೋಳು ಅಂತ ನಾನಂದ್ನಾ? ರೊಟ್ಟಿ ತಿನ್ನು. ನಮ್ಮನೇರಿಗೂ ಅದೇನಂತ ತಿಳೀದಿಲ್ಲ ಕಣೇ. ತಿಳಿದೋರ ಥರ ಸುಮ್ನೆ ಕೂತವ್ರೆ ಅಷ್ಟೇ.’

ಪುಷ್ಪ ನಕ್ಕಿದ್ದು ಕೇಳಿಸಿತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಾಗಿಲ ಹತ್ತಿರ ಬಂದಳು.

‘ಬತ್ತೀನಿ ಅಕ್ಕ.’

‘ಹೂಂ ಕಣಮ್ಮ. ಇರು, ಕುಂಕುಮ ತತ್ತೀನಿ’ ಎಂದು ಗೌರಿ ಒಳಗೆ ಹೋದಳು.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಹೊರಡುತ್ತೇನೆ ಎಂದ ಕೂಡಲೇ ಹೋಗುವ ಹಾಗಿಲ್ಲ. ಮನೆಯವರು ಕುಂಕುಮ ಕೊಟ್ಟು ಕಳಿಸಬೇಕು. ಅಲ್ಲಿಯವರೆಗೆ ಬಂದವಳು ನಿಲ್ಲಬೇಕು. ಪುಷ್ಪ ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲ ಆಚೆ ನಿಂತಳು. ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆಯಾಕೆ ನೀರು ಬಿಟ್ಟಿದ್ದಾರೆ ಎಂದು ಗೌರಿಯನ್ನು ಕರೆದಳು. ಗೌರಿ ಕೊಡ ಹಿಡಿದು ಅತ್ತ ಹೋದಳು. ಪುಷ್ಪ ಬೀದಿಯ ತುದಿ ನೋಡಿದಳು, ಒಳಗೆ ನೋಡಿದಳು, ಸೆರಗಿನ ತುದಿ ಸುತ್ತಿಕೊಂಡು ನಿಂತೇ ಇದ್ದಳು.

‘ಗೌರಿ, ಈ ಹುಡ್ಗಿ ಇನ್ನೂ ಹೊರಟಿಲ್ಲ ಕಣೇ’ ಎಂದು ಕೂಗಿದೆ.

‘ಅವಳು ಹೊರಟು ಎಷ್ಟೊತ್ತಾಯ್ತು’ ಎಂದು ಹಿತ್ತಿಲಿಂದ ಗೌರಿ ಕೂಗಿದಳು. ‘ನಾನೇ ಇನ್ನೂ ಕಳ್ಸಿಲ್ಲ. ಬಂದೆ, ಬಂದೆ.’

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುಂಕುಮದ ಬಟ್ಟಲು ತಂದು, ‘ತಪ್ಪು ತಿಳ್ಕಬೇಡ ಕಣಮ್ಮ’ ಎಂದು ಕೊಟ್ಟು ಕಳಿಸಿದಳು. ಪುಷ್ಪ ಬಸ್ಸಿಗೆ ಓಡಿದಳು.

ನಾನು ಅಲ್ಲೇ ಕೂತಿದ್ದೆ. ಬೀದಿಯಲ್ಲಿ ಹೋಗುವವರು ಯಾರಾದರೂ ನೋಡಿದ್ದರೆ, ಈಕೆ ಎದ್ದು ಹೋಗದೆ ಬಾಗಿಲಲ್ಲೇ ನಿಂತಿದ್ದಾಳೆ ಎಂದುಕೊಳ್ಳುತ್ತಿದ್ದರು. ನಾನೂ ಅದನ್ನೇ ಅಂದೆ. ಅವಳದು ಮುಗಿದಿತ್ತು. ಹೊರಡುತ್ತೇನೆ ಎಂದಿದ್ದಳು, ಒಳಗಿನವಳು ಹೂಂ ಎಂದಿದ್ದಳು. ಬಾಕಿ ಇದ್ದದ್ದು ಒಳಗಿನ ಕೆಲಸ. ಹಾಗಾದರೆ ಆ ಸಾಲುಗಳು?

ಪೂರ್ತಿ ಹೊಂದುವುದಿಲ್ಲ ಎಂದೂ ಅನ್ನಿಸಿತು. ತಂತಿ ಕಿತ್ತ ಮೇಲೆ ಹೊಸ್ತಿಲಲ್ಲಿ ಯಾರೂ ನಿಂತಿರಲಿಲ್ಲವಲ್ಲ. ನಿಂತು ಸಾಕಾಗಿ ಹೊರಟೇ ಹೋದವಳಿಗೆ ಗೌರಿ ಒಳಗೆ ಬಟ್ಟಲು ಹುಡುಕುತ್ತಿದ್ದ ಹಾಗೆ ಇರಬಹುದೋ? ಈ ಒಂದು ಎಳೆ ನನಗೆ ಇವತ್ತಿಗೂ ಸರಿಯಾಗಿ ಕೂಡಿಲ್ಲ. ಆದರೆ ಎಲ್ಲಿ ಹುಡುಕಬೇಕು ಎಂದು ಗೊತ್ತಾಯಿತು. ಇಷ್ಟು ದಿನ ನಾವು ಹೊನ್ನವಳ್ಳಿಯಲ್ಲಿ ಹುಡುಕುತ್ತಿದ್ದೆವು.

ಬೆಳಿಗ್ಗೆ ಫೋನ್ ಮಾಡಿ ಪುಷ್ಪಳನ್ನು ಒಂದೇ ಮಾತು ಕೇಳಿದೆ. ಬೇರೆ ಶಾಖೆಯವರು ಮಾಡದ ಯಾವ ಕೆಲಸ ನೀನು ಮಾಡುತ್ತೀಯ? ಅವಳು ಯೋಚಿಸಿ ಹೇಳಿದಳು.

‘ಕ್ಯಾನ್ಸಲ್ ಜಾಸ್ತಿ ಒತ್ತೀನಿ ಸಾರ್. ಇಲ್ಲಿಯೋರು ರೇಟ್ ಕೇಳ್ಬುಟ್ಟು ಚೀಲ ವಾಪಸ್ ಎತ್ಕತಾರೆ. ತಿಪಟೂರಿಗೆ ಬಸ್ಸು ಕಣ್ಮುಂದೇನೆ ಅದಲ್ಲ.’

ನಿಜ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ರೈತರು ದೂರದಿಂದ ಟೆಂಪೋ ಮಾಡಿಕೊಂಡು ಬರುತ್ತಾರೆ. ತಂದದ್ದನ್ನು ಮತ್ತೆ ಹೊತ್ತುಕೊಂಡು ಹೋಗುವುದಿಲ್ಲ. ಹೊನ್ನವಳ್ಳಿಯವರು ನಮ್ಮ ಶಾಖೆಗೆ ಬರುತ್ತಿದ್ದದ್ದೇ ದರ ತಿಳಿದುಕೊಳ್ಳಲು. ಇಷ್ಟವಾದರೆ ಕೊಡುವುದು, ಇಲ್ಲವಾದರೆ ಚೀಲ ಬಸ್ಸಿನ ಮೇಲೆ ಹಾಕಿ ಮಾರುಕಟ್ಟೆಗೆ.

ಕಚೇರಿಯಲ್ಲೇ ಇನ್ನೊಂದು ಕಂಪ್ಯೂಟರ್ ಇತ್ತು. ನಂಜುಂಡಪ್ಪನವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಸುಳ್ಳು ಹೆಸರಿನ ರೈತನೊಬ್ಬನ ತೂಕ ಬರೆದೆ, ದರ ಬಂತು, ಕ್ಯಾನ್ಸಲ್ ಒತ್ತಿದೆ, ಅವರು ನೋಡುತ್ತಿರುವಂತೆಯೇ ಪ್ರೋಗ್ರಾಂ ಮುಚ್ಚಿದೆ. ಸರ್ವರಿಗೆ ಬಂದು ನೆಟ್‌ಸ್ಟ್ಯಾಟ್ ಹಾಕಿದೆ. ನಮ್ಮ ಕಚೇರಿಯ ಕಂಪ್ಯೂಟರಿನದೇ ವಿಳಾಸ, ಮುಂದೆ ಕ್ಲೋಸ್ ವೇಟ್. ಅವರು ಊಟ ಮುಗಿಸಿ ಬಂದು ಮತ್ತೆ ನೋಡಿದರು. ಹಾಗೇ ಇತ್ತು.

‘ನೀನು ಮುಚ್ಚಿದ್ದು ನಾನೇ ನೋಡಿದ್ನಲ್ಲಯ್ಯ.’

‘ಹೂಂ ಸಾರ್. ಈ ಕಡೆಯವ್ರು ಮುಚ್ತೀವಿ ಅಂದ್ರು, ಸರ್ವರ್ ಕೇಳಿಸ್ಕಂತು. ತನ್ನ ಕಡೇದು ಮುಚ್ಚಿಲ್ಲ. ಕಾಯ್ತಿರೋದು ಅದಕ್ಕೆ.’

‘ನಾವ್ ಮುಚ್ದೆ ಇರೋದು ಅವಳ ಹೆಸರಿನ ಮುಂದೆ ಯಾಕ್ ಬರ್ಬೇಕು?’

‘ಯಾರದ್ದನ್ನ ಮುಚ್ಚಿಲ್ಲ ಅಂತ ಗೊತ್ತಾಗ್ಬೇಕಲ್ಲ ಸಾರ್.’

ಅವರಿಗೆ ಅರ್ಥವಾಯಿತೋ ಇಲ್ಲವೋ, ನಾನು ಹೇಳಿದ್ದೇ ಸರಿ ಅನ್ನುವ ಧೈರ್ಯ ನನಗೂ ಆಗ ಇರಲಿಲ್ಲ. ಮಧುಸೂದನ್ ಸಿಕ್ಕಿದ ಮೇಲೆ ಬಂದು, ತಮ್ಮ ಪ್ರೋಗ್ರಾಂ ತೆಗೆದು ನೋಡಿ, ಹಣೆ ಉಜ್ಜಿಕೊಂಡರು. ವ್ಯಾಪಾರ ಮುಗಿದಾಗ ಮುಚ್ಚಬೇಕು ಎಂದು ಬರೆದಿದ್ದರು. ವ್ಯಾಪಾರವೇ ಆಗದೆ ಮುರಿದರೆ ಮುಚ್ಚಬೇಕು ಎಂದು ಬರೆದಿರಲಿಲ್ಲ. ‘ದರ ಕೇಳಿ ಚೀಲ ವಾಪಸ್ ತಗೊಂಡು ಹೋಗ್ತಾರೆ ಅಂತ ನನಗೆ ಹೊಳೀಲೇ ಇಲ್ಲ’ ಅಂದರು. ಸರಿಮಾಡಿ, ಆ ದಿನವೇ ಹೋದರು.

ಹೊಸದಾಗಿ ಸೇರಿದವರು ಒಂದು ಗಮನಿಸಿ. ಪರದೆಯ ಮೇಲೆ ಯಾರದಾದರೂ ವಿಳಾಸ ಕಂಡರೆ ಅದು ಆ ಮನುಷ್ಯನ ಮೇಲಿನ ದೂರಲ್ಲ. ಪ್ರತಿ ಸಾಲಿಗೂ ಎರಡು ಕಡೆ ಇರುತ್ತದೆ, ಅದರಲ್ಲಿ ಒಂದು ನೀವು. ನಿಮ್ಮ ಕಡೆಯದನ್ನು ಮೊದಲು ನೋಡಿ. ಇದಕ್ಕಿಂತ ಹೆಚ್ಚು ಹೇಳುವಷ್ಟು ನನಗೆ ತಿಳಿದಿಲ್ಲ.

ಪುಷ್ಪಳಿಗೆ ಫೋನ್ ಮಾಡಿ ಬರಹೇಳು ಎಂದು ನಂಜುಂಡಪ್ಪನವರು ಅಂದಿದ್ದರು. ಅದನ್ನು ಮನೆಯಲ್ಲಿ ಹೇಳಿದಾಗ ಗೌರಿ ಸೌಟು ಕೆಳಗಿಟ್ಟಳು.

‘ಬೇಡ ಅಂದಾಗ ಎದುರಿಗೆ ಕರೆಸಿ ಅಂದ್ರು. ಬಾ ಅನ್ನೋಕೆ ಫೋನಾ? ನಡೀರಿ, ನಾನೂ ಬತ್ತೀನಿ.’

ಮರುದಿನ ಇಬ್ಬರೂ ಹೊನ್ನವಳ್ಳಿ ಬಸ್ಸು ಹತ್ತಿದೆವು. ದಾರಿಯಲ್ಲಿ ಗೌರಿ, ಆ ಕ್ಲೋಸ್ ವೇಟ್ ಅಂದರೆ ಏನು ಇನ್ನೊಂದು ಸಲ ಹೇಳಿ ಎಂದಳು. ಹೇಳಿದೆ. ಕಿಟಕಿಯಾಚೆ ತೋಟ ನೋಡುತ್ತ, ‘ಅದಕ್ಕೆ ಇಷ್ಟು ದಿನ ಬೇಕಾಯ್ತಾ’ ಅಂದಳು. ಬೇಕಾಯಿತು.

ಪುಷ್ಪಳ ಮನೆಗೆ ಹೋಗಿ ಅವಳ ಗಂಡನ ಎದುರಿಗೇ ಹೇಳಿದೆವು. ಸಭೆಗೆ ನಿನ್ನ ಹೆಸರು ಹೋಗುವುದಿಲ್ಲ, ಕೆಲಸ ಇದೆ, ಬಾ ಎಂದೆ.

‘ಹಂಗಾರೆ ಇಷ್ಟು ದಿನ ನನ್ ಮ್ಯಾಲೆ ಯಾಕೆ ಬಂತು ಸಾರ್?’ ಅಂದಳು.

ನಾನು ಸರ್ವರಿನ ವಿಷಯ ವಿವರಿಸಲು ಹೋದೆ. ಗೌರಿ ನನ್ನ ತೋಳು ಹಿಡಿದು ಸುಮ್ಮನಿರಿಸಿದಳು.

‘ನಮ್ಮ ಕಡೇದು ನಮಗೆ ಕಾಣಲಿಲ್ಲ ಕಣಮ್ಮ’ ಎಂದಳು.

ಮೂವರೂ ಶಾಖೆಗೆ ನಡೆದುಕೊಂಡು ಹೋದೆವು. ಪುಷ್ಪ ಕುರ್ಚಿ ಒರೆಸಿ ಕೂತು ಕಂಪ್ಯೂಟರ್ ಹಚ್ಚಿದಳು. ಮೋಡೆಮ್ ಕಿರುಚಿ ಸುಮ್ಮನಾಯಿತು. ಕಾಯುತ್ತಿದ್ದ ಒಬ್ಬ ಮುದುಕ ಚೀಲ ತೂಕಕ್ಕಿಟ್ಟ. ಹೆಸರು, ತೂಕ ಬರೆದಳು. ದರ ಬಂತು, ಓದಿ ಹೇಳಿದಳು.

‘ಇಷ್ಟೇನಾ? ಬುಡವ್ವ, ತಿಪಟೂರ್ಗೇ ಎತ್ಕೊಂಡ್ ಹೋಯ್ತೀನಿ’ ಎಂದು ಅವನು ಚೀಲ ಇಳಿಸಿದ.

ಪುಷ್ಪಳ ಬೆರಳು ಕೀಲಿಯ ಮೇಲೆ ಬಂದು ನಿಂತಿತು.

‘ಒತ್ಲಾ ಸಾರ್?’

‘ಒತ್ತಮ್ಮ. ಸರಿಯಾಗಿದೆ.’

ಆದರೂ ಒತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಸರಿಯಾಗಿದೆ ಎಂದು ನಾನು ಎಷ್ಟು ಗಟ್ಟಿಯಾಗಿ ಹೇಳಬಲ್ಲೆ ಎಂದು ನೋಡುತ್ತಿದ್ದಳೇನೋ. ಅದು ನನಗೂ ಗೊತ್ತಿರಲಿಲ್ಲ. ಮುದುಕ ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿದ.

ಗೌರಿ ಬಂದು ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಳು.

‘ಅವ್ರನ್ನ ಏನ್ ಕೇಳ್ತೀಯೇ. ಕೆಲ್ಸ ನಿಂದು. ಒತ್ತಿ ಅಜ್ಜನ್ನ ಕಳ್ಸು.’

ಪುಷ್ಪ ಒತ್ತಿದಳು. ಮುದುಕ ಚೀಲ ಹೆಗಲಿಗೇರಿಸಿಕೊಂಡು ಹೋದ. ‘ಮುಂದಿನೋರು ಬನ್ನಿ’ ಎಂದು ಅವಳು ಕರೆದಳು.